ಆರು ತಿಂಗಳು ಕಾರು ನಿಲ್ಲಿಸಿ ಹೋದ್ರೆ ಪೆಟ್ರೋಲ್ ಕೆಡುತ್ತಾ?

ಪ್ರಶ್ನೆ: ನಮಸ್ಕಾರ, ನಮ್ಮದು ತೀರ್ಥಹಳ್ಳಿ ಹತ್ರ. ಮಗಳ ಬಾಣಂತನಕ್ಕೆ ಅಂತ ನಾನೂ ಮನೆಯವರೂ ಮೇ ಕೊನೇಲಿ ಡಲ್ಲಾಸ್‌ಗೆ ಹೊರಟಿದೀವಿ, ಬರೋದು ನವೆಂಬರ್. 2015ರ ಪೆಟ್ರೋಲ್ ಕಾರು, ಶೆಡ್ಡಲ್ಲಿ ನಿಲ್ಲಿಸ್ತೀವಿ. ಟ್ಯಾಂಕ್ ಖಾಲಿ ಮಾಡಿ ಹೋಗಿ ಅಂತ ಒಬ್ರು ಹೇಳ್ತಾರೆ, ಫುಲ್ ಮಾಡಿ ಅಂತ ಇನ್ನೊಬ್ರು. ಯಾವುದು ಸರಿ?

ಉತ್ತರ (ಮೆಕ್ಯಾನಿಕ್): ಫುಲ್ ಮಾಡ್ಸಿ ಸರ್. ಖಾಲಿ ಟ್ಯಾಂಕಲ್ಲಿ ಬರೀ ಗಾಳಿ ಇರುತ್ತೆ, ನಿಮ್ಮ ಕಡೆ ಮಳೆಗಾಲದ ಗಾಳಿ ಅಂದ್ರೆ ಅರ್ಧ ನೀರೇ. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ 20 ಪರ್ಸೆಂಟ್ ತನಕ ಎಥನಾಲ್ ಇರುತ್ತೆ, ಅದು ಆ ಪಸೆನ ಎಳ್ಕೊಳುತ್ತೆ, ಜಾಸ್ತಿ ಆದ್ರೆ ನೀರೂ ಎಥನಾಲೂ ಸೇರಿ ಪೆಟ್ರೋಲಿಂದ ಬೇರೆಯಾಗಿ ತಳಕ್ಕೆ ಕೂರುತ್ತೆ. ಹೋದ ವರ್ಷ ಒಂದು ಮಳೆಗಾಲ ಪೂರ್ತಿ ನಿಂತಿದ್ದ ಗಾಡಿ ಟ್ಯಾಂಕ್ ಇಳಿಸಿ ಗಾಜಿನ ಬಾಟ್ಲಿಗೆ ಬಗ್ಗಿಸಿ ನೋಡ್ದೆ, ಕೆಳಗೆ ಎರಡು ಬೆರಳಷ್ಟು ಮಂಕು ನೀರು, ಮೇಲೆ ಪೆಟ್ರೋಲು, ಮಧ್ಯ ಗೆರೆ ಎಳ್ದಂಗೆ. ಪಂಪ್ ಇರೋದು ಟ್ಯಾಂಕಿನ ತಳದಲ್ಲೇ ಅಲ್ವಾ, ಮೊದ್ಲು ಎಳೆಯೋದು ಆ ನೀರನ್ನೇ. ಪಂಪು, ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಎರಡೂ ಹೋಗಿತ್ತು, ನೋಡಿ ಬೇಜಾರಾಯ್ತು.

ಫುಲ್ ಅಂದ್ರೆ ಗನ್ ಟಕ್ ಅಂತ ಕಟ್ ಆಗೋವರೆಗೆ ಅಷ್ಟೇ, ರೌಂಡ್ ಫಿಗರ್‌ಗೆ ಅಂತ ಮತ್ತೆ ಒತ್ತಿಸ್ಬೇಡಿ. ಬಿಸಿಲಿಗೆ ಪೆಟ್ರೋಲ್ ಹಿಗ್ಗೋಕೆ ಜಾಗ ಬೇಕು, ಇಲ್ದಿದ್ರೆ ಆವಿ ಹಿಡಿಯೋ ಕ್ಯಾನಿಸ್ಟರ್‌ಗೆ ಪೆಟ್ರೋಲೇ ನುಗ್ಗುತ್ತೆ. ಫ್ಯೂಯಲ್ ಸ್ಟೆಬಿಲೈಜರ್ (ಪೆಟ್ರೋಲ್ ಬೇಗ ಕೆಡದಂಗೆ ಬೆರೆಸೋ ದ್ರಾವಣ) ಸಿಕ್ಕಿದ್ರೆ ಡಬ್ಬಿ ಮೇಲಿನ ಅಳತೆಯಷ್ಟೇ ಮೊದ್ಲು ಹಾಕಿ ಆಮೇಲೆ ಪೆಟ್ರೋಲ್ ಹಾಕ್ಸಿ, ಹಾಗೇ ಹತ್ತು ಹದಿನೈದು ನಿಮಿಷ ಓಡಿಸ್ಕೊಂಡು ಬನ್ನಿ, ಪೈಪಿಗೂ ಇಂಜೆಕ್ಟರಿಗೂ ಹೋಗ್ಬೇಕಲ್ಲ. ಹೊಸ ಪೆಟ್ರೋಲಿಗೆ ಮಾತ್ರ ಅದು, ಕೆಟ್ಟಿದ್ದನ್ನ ಸರಿ ಮಾಡಲ್ಲ.

ಪ್ರಶ್ನೆ: ತುಂಬಾ ಥ್ಯಾಂಕ್ಸ್. ಅಣ್ಣನ ಮಗ ವಾರಕ್ಕೊಂದ್ಸಲ ಬಂದು ಐದು ನಿಮಿಷ ಸ್ಟಾರ್ಟ್ ಮಾಡಿಡ್ತೀನಿ ಅಂದಿದಾನೆ, ಸಾಕಾಗುತ್ತಾ?

ಉತ್ತರ: ಅದಕ್ಕಿಂತ ಮುಟ್ಟದೇ ಇರೋದೇ ವಾಸಿ. ಐದು ನಿಮಿಷಕ್ಕೆ ಇಂಜಿನ್ ಸರಿಯಾಗಿ ಬಿಸಿ ಆಗಲ್ಲ, ಆಯಿಲಲ್ಲೂ ಸೈಲೆನ್ಸರಲ್ಲೂ ನೀರು ಉಳ್ಕೊಳುತ್ತೆ, ಬ್ಯಾಟರಿನೂ ಇಳಿಯುತ್ತೆ. ತಿಂಗಳಿಗೊಂದ್ಸಲ 15-20 ಕಿಲೋಮೀಟರ್ ಓಡಿಸ್ತಾನೆ ಅಂದ್ರೆ ಸಂತೋಷ, ಇಲ್ಲಾಂದ್ರೆ ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು ಹೋಗಿ. ಶೆಡ್ಡಲ್ಲಿ ಅಡಿಕೆ, ಭತ್ತದ ಮೂಟೆ ಇದ್ರೆ ಬೇರೆ ಕಡೆ ಇಡ್ಸಿ, ಇಲಿ ಬಂದ್ರೆ ಪೆಟ್ರೋಲ್ ಪೈಪನ್ನೂ ಬಿಡಲ್ಲ.

ಇನ್ನೊಬ್ಬರು: ಅಣ್ಣಾ, ನನ್ನದು ಕಾರ್ಬುರೇಟರ್ ಇರೋ ಹಳೇ ಮಾರುತಿ 800, ಇದೇ ಥರಾನಾ?

ಉತ್ತರ: ಟ್ಯಾಂಕಿಗೆ ಇದೇ. ಆದ್ರೆ ಕಾರ್ಬುರೇಟರ್ ಬೌಲಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಂಟಾಗಿ ಜೆಟ್, ಅಂದ್ರೆ ಪೆಟ್ರೋಲ್ ಹೋಗೋ ಸಣ್ಣ ತೂತು, ಕಟ್ಟಿಕೊಳ್ಳುತ್ತೆ, ಅದನ್ನ ಗೊತ್ತಿರೋರ ಹತ್ರ ಖಾಲಿ ಮಾಡ್ಸಿ.

ಪ್ರಶ್ನೆ: ಸರಿ, ಹಾಗಾದ್ರೆ ಈ ಭಾನುವಾರನೇ ಫುಲ್ ಮಾಡಿಸ್ತೀನಿ.

ಉತ್ತರ: ಈಗ್ಲೇ ಬೇಡ ಸರ್, ಹೊರಡೋ ಹಿಂದಿನ ದಿನ ಹಾಕ್ಸಿ. ವಾಪಸ್ ಬಂದ್ಮೇಲೆ ಮೊದ್ಲು ಬಾನೆಟ್ ಎತ್ತಿ ಪೈಪ್ ನೋಡಿ, ಪೆಟ್ರೋಲ್ ವಾಸನೆ ಬಂದ್ರೆ ಕೀನೇ ಹಾಕ್ಬೇಡಿ. ಟ್ಯಾಂಕ್ ಮುಚ್ಚಳ ತೆಗೆದಾಗ ಹಳೇ ಪೇಂಟ್ ಥರ ಘಾಟು ಬಂದ್ರೂ ಸ್ಟಾರ್ಟ್ ಮಾಡದೆ ಯಾರಾದ್ರೂ ಮೆಕ್ಯಾನಿಕ್‌ನ ಮನೆಗೇ ಕರೆಸಿ.