ಪದಚರ್ಚೆ: ಯೊರುಬಾ 'ಒಕೆಲೆ'ಗೆ ಮುದ್ದೆ ಅನ್ನಬಹುದಾ? 'ಒಫೆ ಮ್ಮನು'ಗೆ ಏನು?

ಮೈಸೂರಿನಿಂದ, ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಎರಡು ಪದ ಅರ್ಜೆಂಟಾಗಿ ಬೇಕು. ಗುರುವಾರ ಬೆಳಿಗ್ಗೆ ಪುಟ ಅಚ್ಚಿಗೆ ಹೋಗುತ್ತದೆ.

ನೈಜೀರಿಯಾದ ಊಟದ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಗ್ಬೊ ಹುಡುಗಿಯೊಬ್ಬಳು ಲೇಗೋಸ್‌ನ ಸುರುಲೆರೆಯಲ್ಲಿ ಯೊರುಬಾ ಮನೆಗೆ ಸೊಸೆಯಾಗಿ ಬರುತ್ತಾಳೆ. ಮೊದಲ ದಿನ ಅತ್ತೆ ಅವಳ ತಟ್ಟೆಗೆ ಅಮಾಲಾ ಹಾಕುತ್ತಾರೆ. ಅದರ ಮೇಲೆ ಹಸಿರು ಸೊಪ್ಪಿನ ಎವೆಡು, ಹಳದಿ ಕಾಳಿನ ಗ್ಬೆಗಿರಿ, ಕೊನೆಗೆ ಕೆಂಪು ಸಾರು. ಸಾರಿನ ಮೇಲೆ ಎಣ್ಣೆ ತೇಲುತ್ತಿರುತ್ತದೆ. ಅವಳು ರಾತ್ರಿ ತಂಗಿಗೆ ಫೋನ್ ಮಾಡಿ, ನಾನು 'ಒಫೆ ಮ್ಮನು' ಮನೆ ಸೇರಿದೆ ಅನ್ನುತ್ತಾಳೆ.

ಮೊದಲ ಪದ: ಅಮಾಲಾ, ಇಯಾನ್, ಎಬಾ, ಹೀಗೆ ಗೆಡ್ಡೆಯಿಂದಲೋ ಹಿಟ್ಟಿನಿಂದಲೋ ಮಾಡಿ ಸಾರಲ್ಲಿ ಅದ್ದಿ ನುಂಗುವುದನ್ನೆಲ್ಲ ಒಟ್ಟಾಗಿ ಯೊರುಬಾದಲ್ಲಿ 'ಒಕೆಲೆ' ಅನ್ನುತ್ತಾರೆ. ನೈಜೀರಿಯಾದ ಇಂಗ್ಲಿಷಿನಲ್ಲಿ ಅದು 'ಸ್ವಾಲೋ', ಅಂದರೆ ನುಂಗು. ಕನ್ನಡದಲ್ಲಿ ಮುದ್ದೆ ಅಂದರೆ ಸಾಕಾ?

ಎರಡನೆಯದು: ಒಫೆ ಅಂದರೆ ಸಾರು, ಮ್ಮನು ಅಂದರೆ ಎಣ್ಣೆ. ಇಗ್ಬೊ ಜನ ಯೊರುಬಾದವರನ್ನು ಹಾಗೆ ಕರೆಯುತ್ತಾರೆ. 'ಎಣ್ಣೆ ಸಾರಿನವರು' ಅಂತ ಬರೆದಿದ್ದೇನೆ. ಯಾಕೋ ಸಮಾಧಾನ ಇಲ್ಲ.

ಧಾರವಾಡದಿಂದ, ಸೋಮವಾರ ರಾತ್ರಿ

ಮುದ್ದೆ ಬೇಡ. ಓದುಗರ ಕಣ್ಣ ಮುಂದೆ ರಾಗಿ ಬಂದು ಕೂರುತ್ತದೆ. 'ನುಂಗುಗೂಳು' ಅನ್ನಿ. ಸುಡುಗಾಡು, ಅಡುಗೂಳು ಹೇಗೋ ಇದೂ ಹಾಗೆ, ಬಿಡಿಸಿ ಹೇಳಬೇಕಿಲ್ಲ. ಅಡಗೂಲಜ್ಜಿ ಕತೆ ಕೇಳಿ ಬೆಳೆದವರು ನಾವು. ಆ ಅಜ್ಜಿಯ ಹೆಸರಲ್ಲೇ 'ಅಡು' ಇದೆ, 'ಕೂಳು' ಇದೆ. ಇಷ್ಟು ಗಟ್ಟಿಯಾದ ಜೋಡುಪದದ ದಾರಿ ಇರುವಾಗ ಹೊಸ ವಸ್ತು ಬಂದಾಗಲೆಲ್ಲ ಹಳೆಯ ಪದವನ್ನೇ ಎಳೆದು ಹಿಗ್ಗಿಸುವುದು ಸೋಮಾರಿತನ.

'ಸ್ವಾಲೋ' ಅಂತ ಹಾಗೇ ಇಡುವ ಯೋಚನೆ ಇದ್ದರೆ ದಯವಿಟ್ಟು ಬಿಡಿ.

ಮಂಡ್ಯದಿಂದ, ಮಂಗಳವಾರ ಬೆಳಿಗ್ಗೆ

ಧಾರವಾಡದವರ ಸಂಧಿ ಸರಿ, ಪದ ತಪ್ಪು. ಕೂಳು ಹಳಗನ್ನಡದಲ್ಲಿ ಊಟವೇ, ಒಪ್ಪಿದೆ. ಇವತ್ತು? 'ಬಿಟ್ಟಿ ಕೂಳು', 'ಕೂಳಿಗೆ ದಂಡ', 'ಕೂಳು ತಿಂದು ಬಿದ್ದಿರು'. ಬೈಯುವಾಗ ಬಿಟ್ಟರೆ ಈ ಪದ ಯಾರ ಬಾಯಲ್ಲಿ ಬರುತ್ತದೆ? ಅತ್ತೆ ಪ್ರೀತಿಯಿಂದ ಬಡಿಸಿದ್ದನ್ನು ಕೂಳು ಅಂದರೆ ಆ ಹೆಂಗಸಿಗೆ ನಾವೇ ಬೈದ ಹಾಗೆ.

ಮುದ್ದೆ ರಾಗಿಯ ಸ್ವತ್ತೂ ಅಲ್ಲ. ಬಳ್ಳಾರಿ, ರಾಯಚೂರು ಕಡೆ ಜೋಳದ ಮುದ್ದೆ ಉಣ್ಣುತ್ತಾರೆ. ಮಳೆಗೆ ಸಿಕ್ಕ ಬಟ್ಟೆ ಮುದ್ದೆಯಾಗುತ್ತದೆ, ಬೆಣ್ಣೆ ಮುದ್ದೆ ಇರುತ್ತದೆ. ನಮ್ಮ ಮನೆಯಲ್ಲಂತೂ ರಾಗಿ ಮುದ್ದೆಗೆ 'ಹಿಟ್ಟು' ಅಂತಲೇ ಹೆಸರು, ಮುದ್ದೆ ಅಂದರೆ ಅದರ ಆಕಾರ. ಹೊಸಬರು ಊಟಕ್ಕೆ ಕೂತರೆ ಮೊದಲು ಹೇಳುವ ಮಾತು 'ಅಗೀಬೇಡಿ, ನುಂಗಿ'. ಇದಕ್ಕಿಂತ ಹತ್ತಿರದ ಪದ ಪ್ರಪಂಚದಲ್ಲಿ ಎಲ್ಲಿ ಸಿಗುತ್ತದೆ?

ಎರಡನೇ ಪದಕ್ಕೆ ಒಂದು ಎಚ್ಚರಿಕೆ. 'ಎಣ್ಣೆ' ಅಂದರೆ ಈಗ ನಮ್ಮ ಹುಡುಗರಿಗೆ ಹೆಂಡ. 'ಎಣ್ಣೆ ಸಾರಿನವರು' ಅಂತ ಅಚ್ಚಾದರೆ ಅತ್ತೆ ಮನೆಯವರೆಲ್ಲ ಕುಡುಕರು ಅಂದುಕೊಳ್ಳುತ್ತಾರೆ.

ಶಿವಮೊಗ್ಗದಿಂದ, ಮಂಗಳವಾರ ಮಧ್ಯಾಹ್ನ

ನಾನು 11 ವರ್ಷ ಲೇಗೋಸ್‌ನ ಇಕೇಜಾದಲ್ಲಿ ಕೆಲಸ ಮಾಡಿದವನು. ತಿಂಗಳಿಗೊಮ್ಮೆ ಇಬಾದಾನ್‌ಗೆ ಹೋಗುತ್ತಿದ್ದೆ. ಉಂಡಿದ್ದನ್ನು, ಕಂಡಿದ್ದನ್ನು ಬರೆಯುತ್ತೇನೆ.

ಇಬಾದಾನ್‌ನಲ್ಲಿ ಅಮಾಲಾ ಉಣ್ಣುವುದು ಬುಕಾದಲ್ಲಿ. ನಮ್ಮ ಕಡೆಯ ಖಾನಾವಳಿ ಅಂದುಕೊಳ್ಳಿ. ಅಲ್ಲಿನ ಬಳ್ಳಿಗೆಡ್ಡೆಯನ್ನು ಸಿಪ್ಪೆ ತೆಗೆದು, ಅರೆಬೇಯಿಸಿ, ಬಿಸಿಲಲ್ಲಿ ಒಣಗಿಸಿ ಹಿಟ್ಟು ಮಾಡುತ್ತಾರೆ. ಆ ಹಿಟ್ಟು ಎಲುಬೊ. (ಪ್ರೂಫ್ ನೋಡುವವರಿಗೆ ಹೇಳಿಡಿ, 'ಎಲುಬು' ಅಂತ ತಿದ್ದಿಬಿಟ್ಟಾರು.) ಒಣಗುವಾಗ ಬಣ್ಣ ಕಂದುತ್ತದೆ. ಹಾಗಾಗಿ ಬಿಳಿ ಗೆಡ್ಡೆಯಿಂದ ಮಾಡಿದರೂ ಅಮಾಲಾ ಕಂದು ಕಪ್ಪು. ಕುದಿಯುವ ನೀರಿಗೆ ಹಿಟ್ಟು ಸುರಿದು ಮರದ ಕೋಲಲ್ಲಿ ತಿರುವುತ್ತಾರೆ. ಆ ಕೋಲಿನ ಹೆಸರು ಒಮೊರೊಗುನ್. ನಾನು ಮೊದಲ ಸಲ ನೋಡಿದಾಗ ನಮ್ಮಜ್ಜಿ ಕಾಲಲ್ಲಿ ಪಾತ್ರೆ ಒತ್ತಿ ಹಿಡಿದು ಹಿಟ್ಟಿನ ಕೋಲು ತಿರುವುತ್ತಿದ್ದದ್ದೇ ಕಣ್ಣಿಗೆ ಬಂತು. ಬಣ್ಣವೂ ಅದೇ. ಹಾಗಾಗಿ ಅಮಾಲಾಕ್ಕೆ ಮುದ್ದೆ ಅನ್ನುವುದರಲ್ಲಿ ನನಗೆ ತಕರಾರಿಲ್ಲ.

ಇಯಾನ್ ಬೇರೆ. ಅದು ತಿರುವುವುದಲ್ಲ, ಕುಟ್ಟುವುದು. ಬೇಯಿಸಿದ ಗೆಡ್ಡೆಯನ್ನು ಒರಳಲ್ಲಿ ಹಾಕಿ ಇಬ್ಬರು ಮೂವರು ಒನಕೆ ಹಿಡಿದು ಕುಟ್ಟುತ್ತಾರೆ. ಯೊರುಬಾದಲ್ಲಿ ಎರಡಕ್ಕೂ ಬೇರೆ ಬೇರೆ ಕ್ರಿಯಾಪದ. ಎಕಿಟಿ, ಒಂಡೊ ಕಡೆಯವರಿಗೆ ಇಯಾನ್ ಬಿಟ್ಟರೆ ಊಟವಿಲ್ಲ. ಇಬಾದಾನ್, ಒಯೊ ಕಡೆಯವರಿಗೆ ಅಮಾಲಾ. ಇಜೆಬು ಜನರಿಗೆ ಅವರ ಹುಳಿ ಗಾರಿ (ಮರಗೆಣಸಿನ ತರಿ), ಇಕೊಕೊರೆ (ತುರಿದ ಬಳ್ಳಿಗೆಡ್ಡೆಯ ಅಡುಗೆ). 'ಯೊರುಬಾ ಅಡುಗೆ' ಅಂತ ಒಂದೇ ಹೆಸರಿಟ್ಟು ಮಾತಾಡುವುದು ಹೊರಗಿನವರು. ಒಳಗೆ ಅವರದ್ದೇ ಮೇಲುಕೀಳು ಇದೆ. ಒಂದು ಮಾತಿದೆ: ಇಯಾನ್ ಅಂದರೆ ಊಟ, ಅಮಾಲಾ ಅಂದರೆ ಮದ್ದು, ಏನೂ ಸಿಗದಿದ್ದರೆ ಎಕೊ (ಮೆಕ್ಕೆಜೋಳದ ಗಟ್ಟಿ ಗಂಜಿ), ಬಾಯಿ ಸುಮ್ನೆ ಇರಬಾರದು ಅಂತ ಮೆಕ್ಕೆಜೋಳದ ಅರಳು. ಇಬಾದಾನ್‌ನ ಅಮ್ಮನೊಬ್ಬರ ಮುಂದೆ ಇದನ್ನು ಹೇಳಿ ಚೆನ್ನಾಗಿ ಬೈಸಿಕೊಂಡಿದ್ದೇನೆ.

ಈಗ ಎರಡನೇ ಪದ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಎನುಗು ಕಡೆಯ ಇಗ್ಬೊ ಗೆಳೆಯ ಎವೆಡುವನ್ನು ಮುಟ್ಟುತ್ತಿರಲಿಲ್ಲ. ಎವೆಡು ಅಂದರೆ ಸೆಣಬಿನ ಸೊಪ್ಪು. ಅದನ್ನು ಬೇಯಿಸಿ, ಇಜಾಬೆ ಅನ್ನುವ ಗಿಡ್ಡ ಪೊರಕೆಯಲ್ಲಿ ಪಾತ್ರೆಯೊಳಗೇ ಬಡಿಯುತ್ತಾರೆ. ಲೋಳೆ ಲೋಳೆ ಆಗುತ್ತದೆ. ಆ ಪೊರಕೆ ಅಡುಗೆಗೆ ಮಾತ್ರ ಇಟ್ಟದ್ದು, ನಮ್ಮ ಮನೆಯ ಮಂತಿನ ಹಾಗೆ. ಆದರೂ ಅವನು 'ಪೊರಕೆಯಲ್ಲಿ ಅಡುಗೆ ಮಾಡ್ತಾರೆ' ಅಂತಲೇ ಹೇಳುತ್ತಿದ್ದ. ಅವನೇ ನನ್ನನ್ನು ಊರಿಗೆ ಕರೆದುಕೊಂಡು ಹೋಗಿ ಕಹಿಸೊಪ್ಪಿನ ಸಾರು, ಅಕ್ಪು ಬಡಿಸಿದ. ಅಕ್ಪು ಅಂದರೆ ಹುದುಗಿಸಿದ ಮರಗೆಣಸಿನ ಮುದ್ದೆ. ಕಾರು ಓಡಿಸಿಕೊಂಡು ಬಂದಿದ್ದ ಯೊರುಬಾ ಹುಡುಗ ವಾಸನೆ ತಡೆಯಲಾರದೆ ಹೊರಗೆ ಹೋಗಿ ನಿಂತ. ಯೊರುಬಾ ಅಡುಗೆಯಲ್ಲಿ ಇರೂ ಇದೆ, ಇಗ್ಬೊ ಅಡುಗೆಯಲ್ಲಿ ಒಗಿರಿ, ಉತ್ತರದ ಹೌಸಾ ಜನರಲ್ಲಿ ದಾವದಾವ. ಎಲ್ಲವೂ ಹುದುಗಿಸಿದ ಬೀಜಗಳೇ. ಪಕ್ಕದವರದ್ದೇ ನಾರುತ್ತದೆ ಅಂತ ಮೂರೂ ಕಡೆಯವರು ಹೇಳಿದ್ದನ್ನು ಕೇಳಿದ್ದೇನೆ.

ತಾಳೆ ಎಣ್ಣೆಯನ್ನು ಇಗ್ಬೊ ಜನ ಕಡಿಮೆ ಬಳಸುತ್ತಾರಾ? ಇಲ್ಲ. ತಾಳೆ ಹಣ್ಣಿನ ರಸದಲ್ಲೇ ಮಾಡುವ ಸಾರು ಅವರಲ್ಲಿದೆ. ಆದರೆ ಅವರ ಸಾರು ಗಟ್ಟಿ, ಎಣ್ಣೆ ಒಳಗೆ ಬೆರೆತಿರುತ್ತದೆ. ಯೊರುಬಾದವರದ್ದು ಮೆಣಸಿನಕಾಯಿ, ಟೊಮೇಟೊ ರುಬ್ಬಿ ಎಣ್ಣೆ ಬಿಡುವ ತನಕ ಹುರಿದದ್ದು, ಎಣ್ಣೆ ಮೇಲೆ ನಿಲ್ಲುತ್ತದೆ. ಬೈಗುಳ ಹುಟ್ಟಿದ್ದು ಅಷ್ಟು ಸಣ್ಣ ವ್ಯತ್ಯಾಸದಿಂದ. ಖಾರದ ಬಗ್ಗೆಯೂ ಹಾಗೆ. 'ಯೊರುಬಾ ಊಟ ಬರೀ ಖಾರ' ಅಂತ ಬೇರೆಯವರು ಮೂಗು ಮುರಿದರೆ, ಯೊರುಬಾದವರು 'ಮೆಣಸಿನಕಾಯಿ ತಿನ್ನದ ಜೀವ ದುರ್ಬಲ ಜೀವ' ಅಂತ ಗಾದೆಯನ್ನೇ ಮಾಡಿಕೊಂಡಿದ್ದಾರೆ.

ಅದಕ್ಕೇ ಹೇಳುತ್ತಿದ್ದೇನೆ, 'ಒಫೆ ಮ್ಮನು' ಬರೀ ತಿಂಡಿಯ ಹೆಸರಲ್ಲ. ಗೆಳೆಯರ ನಡುವೆ ಚೇಷ್ಟೆ. ಗುರುತಿಲ್ಲದವರು ಅಂದರೆ ಜಗಳ. ಇಗ್ಬೊ ನಾಡು ನೈಜೀರಿಯಾದಿಂದ ಬೇರೆಯಾಗಲು ಹೊರಟಾಗ, 1967ರಿಂದ 1970ರವರೆಗೆ ನಡೆದ ಬಿಯಾಫ್ರಾ ಯುದ್ಧದ ನೆನಪು ಇನ್ನೂ ಇರುವ ಮನೆಗಳಲ್ಲಿ ಅದು ಇನ್ನೂ ಭಾರ. ಬೈಗುಳ ಆ ಹುಡುಗಿಯ ಬಾಯಲ್ಲಿ ಇರಲಿ. ಅನುವಾದ ಮಾಡುವವರ ಬಾಯಿಗೆ ಬರಬಾರದು. 'ಎಣ್ಣೆ ತೇಲೋ ಸಾರಿನೋರು' ಅಂತ ಅವಳಿಂದ ಹೇಳಿಸಿ. ಅತ್ತೆ ಬಡಿಸುವ ಸಾಲಿನಲ್ಲಿ ಮಾತ್ರ ಜಿಡ್ಡು, ಲೋಳೆ, ಕೂಳು ಯಾವುದೂ ಬೇಡ.

ಧಾರವಾಡದಿಂದ, ಮಂಗಳವಾರ ಸಂಜೆ

ಕೂಳು ಬೈಗುಳ ಆಗಿದ್ದು ನಮ್ಮದೇ ತಪ್ಪು. 'ಭೋಜನ', 'ಆಹಾರ' ಬಂದು ಮೇಲೆ ಕೂತವು, ನಮ್ಮ ಪದ ಕೆಳಗೆ ಇಳಿಯಿತು. ಇಳಿದಿದೆ ಅಂತ ಇನ್ನೂ ತುಳಿಯುವುದಾ, ಎತ್ತಿ ಬಳಸುವುದಾ? ಇದು ನನ್ನ ಪ್ರಶ್ನೆ. ಶಿವಮೊಗ್ಗದವರು ಅಡುಗೆ ಚೆನ್ನಾಗಿ ಬರೆದಿದ್ದಾರೆ, ಇದಕ್ಕೆ ಉತ್ತರ ಕೊಟ್ಟಿಲ್ಲ.

ಮತ್ತೆ, ಹೀಗೆ ಅಮಾಲಾ, ಎವೆಡು, ಗ್ಬೆಗಿರಿ, ಇಜಾಬೆ ಅಂತ ಒಂದು ಪ್ಯಾರಾದಲ್ಲಿ ಹತ್ತು ಪರಪದ ತುರುಕಿದರೆ ಅದು ಅನುವಾದ ಅಲ್ಲ, ಲಿಪ್ಯಂತರ.

ಶಿರಸಿಯಿಂದ, ಮಂಗಳವಾರ ರಾತ್ರಿ

ಎರಡು ವಿಷಯ.

ಒಂದು, ದಯವಿಟ್ಟು ಎಲ್ಲೂ ಬರೀ 'ಗೆಣಸು' ಅಂತ ಬರೆಯಬೇಡಿ. ಪೇಟೆ ಓದುಗರಿಗೆ ಗೆಣಸು ಅಂದರೆ ಸಿಹಿಗೆಣಸು. 'ಸುವರ್ಣಗಡ್ಡೆ'ಯೂ ತಪ್ಪು, ಅದು ಬೇರೆ ಕುಲ. ಯೊರುಬಾದವರ 'ಇಶು' ಬಳ್ಳಿಯಲ್ಲಿ ಬೆಳೆಯುವ ದೊಡ್ಡ ಗೆಡ್ಡೆ. 'ಬಳ್ಳಿಗೆಣಸು' ಅನ್ನಬಹುದು. ನಮ್ಮ ಜೋಯಿಡಾದ ಕುಣಬಿಗಳು ಆ ಜಾತಿಯ ಗೆಡ್ಡೆಗಳನ್ನು ಇವತ್ತಿಗೂ ಬೆಳೆಯುತ್ತಾರೆ. ಲಾಫುನ್ ಅನ್ನುವ ಬಿಳಿ ಅಮಾಲಾ ಬಂದರೆ ಅದು ಮರಗೆಣಸಿನದ್ದು.

ಎರಡು, 'ಸಾರು' ಪದವನ್ನು ಬಿಡಬೇಡಿ. ಇದು ಸಂಸ್ಕೃತದ 'ಸಾರ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತಮಿಳಿನಲ್ಲಿ 'ಚಾರು' ಇದೆ, ರಸ ಅಂತ ಅರ್ಥ. ಅಚ್ಚ ದ್ರಾವಿಡ ಪದ. ಯೊರುಬಾದ 'ಒಬೆ', ಇಗ್ಬೊದ 'ಒಫೆ', ಹೌಸಾದ 'ಮಿಯಾ', ಮೂರಕ್ಕೂ ಸಾರು ಸಾಕು. ಸೂಪು, ಸ್ಟ್ಯೂ ಯಾವುದೂ ಬೇಕಿಲ್ಲ.

ಮಂಡ್ಯದಿಂದ, ಬುಧವಾರ ಬೆಳಿಗ್ಗೆ

ಧಾರವಾಡದವರಿಗೆ: ಕೂಳನ್ನು ಎತ್ತಬೇಕು ಅಂದರೆ ನಮ್ಮ ಮನೆಯ ಊಟದ ಮೇಲೆ ಎತ್ತೋಣ. ಮೊದಲು ಹೋಟೆಲ್ ಬೋರ್ಡಿನ ಮೇಲೆ ಬರಲಿ. ಬೇರೆಯವರ ತಟ್ಟೆಯ ಮೇಲೆ ಪ್ರಯೋಗ ಯಾಕೆ? ಮುದ್ದೆ ಉಣ್ಣುವವರು ಅಂತ ನಮ್ಮನ್ನೂ ಕೀಳಾಗಿ ನೋಡಿದ ಜನ ಇದ್ದರು. ಹಾಸ್ಟೆಲಿನಲ್ಲಿ ನಾನು ಡಬ್ಬಿ ಬಿಚ್ಚಿದರೆ ಪಕ್ಕದವನು ಬೆನ್ನು ತಿರುಗಿಸಿ ಕೂರುತ್ತಿದ್ದ. ಕನಕದಾಸರು ಅಕ್ಕಿಗೂ ರಾಗಿಗೂ ಜಗಳ ಹಚ್ಚಿ ರಾಮನ ಮುಂದೆ ನ್ಯಾಯ ಮಾಡಿಸಿದ್ದು ಸುಮ್ನೆ ಅಲ್ಲ. ಹಾಗಾಗಿ ಮುದ್ದೆ ಅಂದರೆ ಆ ಸೊಸೆಯ ಕತೆಗೆ ಹತ್ತಿರವಾಗುತ್ತದೆ, ದೂರ ಆಗುವುದಿಲ್ಲ.

ಪರಪದದ ಮಾತು: ಯೊರುಬಾದವರು ಈರುಳ್ಳಿಗೆ 'ಅಲುಬೊಸಾ' ಅನ್ನುತ್ತಾರಂತೆ. ಅದು ಹೌಸಾದ 'ಅಲ್ಬಸಾ', ಅದಕ್ಕೂ ಹಿಂದೆ ಅರಬ್ಬಿ. ಅವರ ಸಾರು ಅದರಿಂದ ಕೆಟ್ಟಿದೆಯಾ? ನಾವು ಪೋರ್ಚುಗೀಸರಿಂದ ಬಟಾಟೆ ತಗೊಂಡೆವು, ಅನಾನಸ್ ತಗೊಂಡೆವು. ಮೆಣಸಿನಕಾಯಿಗೆ ಮಾತ್ರ ನಮ್ಮದೇ 'ಮೆಣಸು' ಇಟ್ಟುಕೊಂಡೆವು. ಎರಡೂ ದಾರಿ ಕನ್ನಡದ್ದೇ.

ಧಾರವಾಡದಿಂದ, ಬುಧವಾರ ಬೆಳಿಗ್ಗೆ

ಬಟಾಟೆಗೆ 'ಆಲೂಗಡ್ಡೆ' ಅನ್ನುವ ಅರ್ಧ ಕನ್ನಡವಾದರೂ ಇದೆ. ನಿಮ್ಮ ಅಲುಬೊಸಾಗೆ ಇಲ್ಲಿ ಏನು ಕೆಲಸ? ವಿಷಯ ಬಿಟ್ಟು ಹೋಗುತ್ತಿದ್ದೀರಿ.

ಡಬ್ಬಿಯ ಮಾತು ಓದಿದೆ. ಕೂಳು ಹಿಂದಕ್ಕೆ ತಗೊಂಡೆ. 'ನುಂಗು' ಬಿಡುವುದಿಲ್ಲ. 'ನುಂಗುಮುದ್ದೆ' ಆಗಬಹುದಾ ನೋಡಿ.

ಶಿವಮೊಗ್ಗದಿಂದ, ಬುಧವಾರ ಮಧ್ಯಾಹ್ನ

'ನುಂಗುಮುದ್ದೆ' ಕೇಳಲು ಚೆನ್ನಾಗಿದೆ. ಆದರೆ ಒಂದು ಸಲ ಸಾಕು, ಮೊದಲು ಬರುವಲ್ಲಿ. ಆಮೇಲೆ ಮುದ್ದೆ ಅಂದರೆ ಆಯಿತು. ಇನ್ನೊಂದು ಮರೆತಿದ್ದೆ. 'ಒಕೆಲೆ' ಪದದ ಮೂಲ ಅರ್ಥ ತುತ್ತು. ಬೆರಳಲ್ಲಿ ಕಿತ್ತು, ಉಂಡೆ ಮಾಡಿ, ಸಾರಲ್ಲಿ ಅದ್ದಿ ಬಾಯಿಗಿಡುವಷ್ಟು. ನಿಮ್ಮ ಬರಹದಲ್ಲಿ ಅತ್ತೆ ಸೊಸೆಗೆ ಒಂದು ಒಕೆಲೆ ತಿನ್ನಿಸುವ ಮಾತಿದ್ದರೆ ಅಲ್ಲಿ ಮುದ್ದೆ ಅನ್ನಬೇಡಿ. ತುತ್ತು ಅನ್ನಿ.

ಹೆಸರುಗಳನ್ನು ಬಿಡಬೇಡಿ. ಅಮಾಲಾ ಅಮಾಲಾವೇ. ಅದನ್ನು 'ಕಪ್ಪು ಮುದ್ದೆ' ಅಂತ ಮಾಡಿದರೆ ನನ್ನ ಎನುಗು ಗೆಳೆಯ ಪೊರಕೆ ಅಂತ ಹೀಯಾಳಿಸುತ್ತಿದ್ದ ಹಾಗೇ ಆಗುತ್ತದೆ.

ಮೈಸೂರಿನಿಂದ, ಬುಧವಾರ ರಾತ್ರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಕಳಿಸಿದ ಸಾಲುಗಳು ಹೀಗಿವೆ:

"ಅತ್ತೆ ಒಮೊರೊಗುನ್ ಕೋಲನ್ನು ಪಕ್ಕಕ್ಕಿಟ್ಟು ತಟ್ಟೆಗೆ ಅಮಾಲಾ ಹಾಕಿದರು. ಬಳ್ಳಿಗೆಣಸಿನ ಹಿಟ್ಟಿನ ನುಂಗುಮುದ್ದೆ ಅದು, ಇನ್ನೂ ಹೊಗೆಯಾಡುತ್ತಿತ್ತು. ಅದರ ಮೇಲೆ ಸೆಣಬಿನ ಸೊಪ್ಪಿನ ಎವೆಡು, ಅಲಸಂದೆಯ ಗ್ಬೆಗಿರಿ, ನಡುವೆ ಕೆಂಪು ಸಾರು. ಮೊದಲ ತುತ್ತನ್ನು ತಾವೇ ಅದ್ದಿ ಕೊಟ್ಟರು."

"'ಒಫೆ ಮ್ಮನು ಮನೆ ಸೇರಿಬಿಟ್ಟೆ ಕಣೇ,' ಅಂದೆ ತಂಗಿಗೆ. 'ಎಣ್ಣೆ ತೇಲೋ ಸಾರಿನೋರ ಮನೆ.' ಅವಳು ನಕ್ಕಳು. ಬಾಗಿಲ ಆಚೆ ಅತ್ತೆ ಪಾತ್ರೆ ತೊಳೆಯುವ ಸದ್ದು ನಿಂತಿತು."

ಅತ್ತೆಗೆ ಇಗ್ಬೊ ಬರುತ್ತದೋ ಇಲ್ಲವೋ ಮೂಲದಲ್ಲಿ ಹೇಳಿಲ್ಲ. ಹಾಗೇ ಬಿಟ್ಟಿದ್ದೇನೆ.

'ಮೊಯಿನ್ ಮೊಯಿನ್' ಅಂತ ಇನ್ನೊಂದು ಬರುತ್ತದೆ. ಅಲಸಂದೆ ರುಬ್ಬಿ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು. ಸದ್ಯಕ್ಕೆ 'ಎಲೆ ಕಡುಬು' ಅಂತ ಹಾಕಿದ್ದೇನೆ. ಶಿರಸಿಯವರು ಬೆಳಿಗ್ಗೆ ಎಂಟರೊಳಗೆ ಒಂದು ಸಾಲು ಬರೆದರೆ ತಿದ್ದಲು ಅವಕಾಶ ಇದೆ.