16 ದಿನ, ಏಳು ದೇಶ, ಅಪ್ಪ-ಅಮ್ಮ-ತಂಗಿ ಮತ್ತು ಇಬ್ಬರು ದೋಸ್ತಿಗಳು: ಇದು ಆಗೋ ಮಾತಾ?

ದಾವಣಗೆರೆ_ಬೆಣ್ಣೆ

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಡ್ರೆಸ್ಡನ್‌ನಲ್ಲಿ ಮಾಸ್ಟರ್ಸ್ ಮಾಡುತ್ತಿದ್ದೇನೆ, ವಯಸ್ಸು 23. ಜೂನ್‌ನಲ್ಲಿ ಅಪ್ಪ, ಅಮ್ಮ, ತಂಗಿ ಬರುತ್ತಿದ್ದಾರೆ, ಒಟ್ಟು 16 ದಿನ. ತಂಗಿಗೆ 17, ಸೆಕೆಂಡ್ ಪಿಯುಸಿ ಈಗಷ್ಟೇ ಮುಗಿದಿದೆ. ಅಮ್ಮ ವಿಮಾನ ಹತ್ತುತ್ತಿರುವುದೇ ಮೊದಲು, ಮಂಡಿ ನೋವು ಬೇರೆ. ಅಪ್ಪನಿಗೆ ಬೆಳಿಗ್ಗೆ ಆರಕ್ಕೆ ಕಾಫಿ ಆಗಲೇಬೇಕು, ಮೊಟ್ಟೆ ಕೂಡ ಮುಟ್ಟುವುದಿಲ್ಲ.

ಇನ್ನೊಂದು ಕಡೆ ನನ್ನ ದೋಸ್ತಿಗಳಿಬ್ಬರು. ಒಬ್ಬ ಆಖೆನ್‌ನಲ್ಲಿ ಓದುವ ಹುಬ್ಬಳ್ಳಿಯವನು, ಇನ್ನೊಬ್ಬಳು ಡೆಲ್ಫ್ಟ್‌ನಲ್ಲಿರುವ ಮಂಗಳೂರಿನವಳು. ಎರಡು ವರ್ಷದಿಂದ ಒಟ್ಟಿಗೆ ಯುರೋಪ್ ಸುತ್ತೋಣ ಅಂತ ಹೇಳಿಕೊಂಡೇ ಬಂದಿದ್ದೇವೆ, ಆಮೇಲೆ ಎಲ್ಲರೂ ಕೆಲಸಕ್ಕೆ ಸೇರಿಬಿಡುತ್ತೇವೆ, ಇದೇ ಕೊನೆಯ ಚಾನ್ಸ್. ಹಾಗಾಗಿ ಆರೂ ಜನ ಒಟ್ಟಿಗೇ ಹೊರಟರೆ ಹೇಗೆ ಅಂತ ಯೋಚನೆ. ಪ್ರಾಗ್, ವಿಯೆನ್ನಾ, ವೆನಿಸ್, ರೋಮ್, ಸ್ವಿಟ್ಜರ್‌ಲೆಂಡ್‌ನ ಇಂಟರ್‌ಲಾಕೆನ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್. ದುಡ್ಡು ಉಳಿಸಲು ನಾಲ್ಕು ರಾತ್ರಿ ಬಸ್ಸಿನಲ್ಲೇ ಕಳೆಯುವ ಪ್ಲಾನ್. ಅಪ್ಪನಿಗೆ ಲಂಡನ್‌ನಲ್ಲಿರುವ ಬಸವಣ್ಣನ ಪ್ರತಿಮೆ ನೋಡುವ ಆಸೆ ಬೇರೆ ಇದೆ. ಮಾಡಿದವರು ಯಾರಾದರೂ ಇದ್ದರೆ ನೇರವಾಗಿ ಹೇಳಿ, ಬೇಜಾರಿಲ್ಲ.

ರಾತ್ರಿ_ಬಸ್ಸು

ನೇರವಾಗಿ ಹೇಳು ಅಂದೆಯಲ್ಲ, ಹೇಳುತ್ತೇನೆ. ಮಂಡಿ ನೋವಿರುವ ಅಮ್ಮನನ್ನು ನಾಲ್ಕು ರಾತ್ರಿ ಬಸ್ಸಿನಲ್ಲಿ ಕೂರಿಸಬೇಡ ಮಾರಾಯ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವ ಸ್ಲೀಪರ್ ಅಲ್ಲ ಇದು, ಇಡೀ ರಾತ್ರಿ ಕೂತೇ ಇರಬೇಕು. ಬೆಳಿಗ್ಗೆ ಐದಕ್ಕೆ ಯಾವುದೋ ಊರ ಹೊರಗೆ ಇಳಿಸುತ್ತಾರೆ, ರೂಮು ಕೊಡುವುದು ಮಧ್ಯಾಹ್ನ ಎರಡು-ಮೂರು ಗಂಟೆಗೆ. ಅಲ್ಲಿಯವರೆಗೆ ನಿಮ್ಮಪ್ಪನ ಕಾಫಿ ಎಲ್ಲಿ?

ಲಂಡನ್ ಈ ಸಲ ಬಿಡು. ಬಸವಣ್ಣ ಇರುವುದು ನಿಜ, ಥೇಮ್ಸ್ ದಡದಲ್ಲಿ, ಪಾರ್ಲಿಮೆಂಟ್ ಕಟ್ಟಡದ ಎದುರು ದಂಡೆ, 2015ರ ನವೆಂಬರ್‌ನಲ್ಲಿ ಮೋದಿ ಉದ್ಘಾಟನೆ ಮಾಡಿದ್ದರು. ಆದರೆ ಬ್ರಿಟನ್ ಷೆಂಗೆನ್‌ನಲ್ಲಿಲ್ಲ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿಲ್ಲ. ಮನೆಯವರಿಗೂ ಬೇರೆ ವೀಸಾ ಬೇಕು, ನಿನಗೂ ಬೇಕು. ಜರ್ಮನಿಯ ನಿವಾಸ ಪರವಾನಗಿ ಕಾರ್ಡ್ ಇದ್ದರೂ ಅಲ್ಲಿ ನಡೆಯುವುದಿಲ್ಲ.

ವೀಸಾ ಬಗ್ಗೆ ಇನ್ನೊಂದು ಮಾತು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಎಲ್ಲ ಕಡೆ ಎರಡೆರಡು ದಿನ ಅಂತ ಬರೆದರೆ ಮೊದಲು ಕಾಲಿಡುವ ದೇಶಕ್ಕೆ. ನಿನ್ನ ಈಗಿನ ಪಟ್ಟಿ ಕೌಂಟರಿನಲ್ಲಿ ಕೂತವರಿಗೂ ತಲೆ ಕೆಡಿಸುತ್ತದೆ. ಫೀಸು ಒಬ್ಬರಿಗೆ 90 ಯೂರೋ, ತಂಗಿಗೂ ಅಷ್ಟೇ. ಇನ್ಶೂರೆನ್ಸ್ 30,000 ಯೂರೋಗಿಂತ ಕಡಿಮೆ ಇರಬಾರದು. ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಕೊನೆಯವರೆಗೆ ಕಾಯಬೇಡ.

ಕಾರವಾರ_ಕಡಲು

ನಾನು ಹೋದ ವರ್ಷ ಇದೇ ರೀತಿ ಹೋಗಿದ್ದೆ, ಅಪ್ಪ, ಅಮ್ಮ ಮತ್ತು ನನ್ನ ರೂಮ್‌ಮೇಟ್. ಒಂದು ಕಥೆ ಹೇಳುತ್ತೇನೆ, ಉಪಯೋಗಕ್ಕೆ ಬರಬಹುದು.

ಬರ್ಲಿನ್‌ನಿಂದ ಕಲೋನ್‌ಗೆ ಹೋಗುವ ವೇಗದ ರೈಲು. ನಾವು ತಡವಾಗಿ ಓಡಿ ಬಂದು ಸಿಕ್ಕ ಬಾಗಿಲಿಗೆ ಹತ್ತಿದೆವು. ಅಪ್ಪ, ಅಮ್ಮ, ರೂಮ್‌ಮೇಟ್ ಮುಂದೆ, ಸೂಟ್‌ಕೇಸ್ ಹಿಡಿದುಕೊಂಡು ನಾನು ಹಿಂದೆ. ಒಳಗಿಂದಲೇ ನಡೆದು ಹೋದರಾಯಿತು ಅಂದುಕೊಂಡೆ. ಆಗುವುದಿಲ್ಲ! ಎರಡು ರೈಲನ್ನು ಜೋಡಿಸಿರುತ್ತಾರೆ, ಮಧ್ಯೆ ದಾರಿ ಇಲ್ಲ. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಹಾಮ್ ಅನ್ನುವ ಸ್ಟೇಷನ್‌ನಲ್ಲಿ ಅದು ಬೇರೆ ಬೇರೆಯಾಗುತ್ತದೆ. ಒಂದು ಅರ್ಧ ವುಪ್ಪರ್ಟಾಲ್ ಮೇಲೆ ಕಲೋನ್‌ಗೆ, ಇನ್ನೊಂದು ಅರ್ಧ ಡಾರ್ಟ್ಮುಂಡ್ ಮೇಲೆ ಡ್ಯೂಸೆಲ್ಡಾರ್ಫ್‌ಗೆ. ಬೆಂಗಳೂರಿನಿಂದ ಬರುವ ನಮ್ಮ ಕಾರವಾರ-ಕಣ್ಣೂರು ರಾತ್ರಿ ರೈಲು ಮೊದಲು ಮಂಗಳೂರಿನಲ್ಲಿ ಎರಡಾಗುತ್ತಿತ್ತಲ್ಲ, ಹಾಗೇ. ಚಿಕ್ಕಂದಿನಿಂದ ನೋಡಿದವನಿಗೇ ಹೊಳೆಯಲಿಲ್ಲ ನೋಡಿ.

ಮೂವರ ಟಿಕೆಟ್ ನನ್ನ ಫೋನಿನಲ್ಲಿ. ಅಪ್ಪನಿಗೆ ಸಿಮ್ ಹಾಕಿಸಿರಲಿಲ್ಲ, ಇಬ್ಬರೇ ಎಲ್ಲಿಗೆ ಹೋಗುತ್ತಾರೆ ಅಂತ. ರೂಮ್‌ಮೇಟ್‌ಗೆ ಜರ್ಮನ್ ಚೆನ್ನಾಗಿ ಬರುತ್ತದೆ, ಅನೌನ್ಸ್‌ಮೆಂಟ್ ಕೇಳಿದ ತಕ್ಷಣ ಇಬ್ಬರನ್ನೂ ಎಬ್ಬಿಸಿಕೊಂಡು ಹಾಮ್‌ನಲ್ಲಿ ಇಳಿದಿದ್ದಾನೆ. ನಾನು ಬಾಗಿಲಲ್ಲಿ ತಲೆ ಹೊರಗೆ ಹಾಕಿ ನೋಡಿದರೆ ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಪ್ಲಾಟ್‌ಫಾರ್ಮ್ ಮೇಲೆ ಓಡಿ ಬರುತ್ತಿದ್ದಾರೆ. ಚಪ್ಪಲಿ ಯಾಕೆ ತೆಗೆದಿದ್ದರು ಅಂತ ಇವತ್ತಿಗೂ ಹೇಳಿಲ್ಲ.

ಹಾಗಾಗಿ ಮನೆಯವರ ಜೊತೆ ದೋಸ್ತಿಗಳು ಬೇಡ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನನ್ನ ಮಾನ ಉಳಿಸಿದ್ದೇ ದೋಸ್ತಿ. ಆದರೆ ಪೂರ್ತಿ 16 ದಿನ ಅಲ್ಲ, ಮೂರು-ನಾಲ್ಕು ದಿನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಅಪ್ಪನ ಎದುರು ಅವರೂ ಬಿಗಿಯಾಗಿ ಕೂತಿರುತ್ತಾರೆ, ನೀನೂ ಇಬ್ಬರ ಮಧ್ಯೆ ಸಿಕ್ಕಿಕೊಳ್ಳುತ್ತೀಯಾ. ಮತ್ತೆ ಎಲ್ಲರ ಟಿಕೆಟ್ ಎಲ್ಲರ ಫೋನಿನಲ್ಲೂ ಇರಲಿ. ಯಾವ ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಪ್ಲಾಟ್‌ಫಾರ್ಮ್ ಬೋರ್ಡಿನಲ್ಲಿ ಎ, ಬಿ, ಸಿ ಅಂತ ತೋರಿಸುತ್ತಾರೆ, ಅದನ್ನು ನೋಡಿಕೊಂಡೇ ನಿಲ್ಲಿ.

ಶಿರಸಿ_ಅಕ್ಕ

ನಾನು ಇಲ್ಲಿ ಅಮ್ಮನ ಪಾರ್ಟಿ. ನನಗೆ 57, ಮಗಳು ಮ್ಯೂನಿಕ್‌ನಲ್ಲಿದ್ದಾಳೆ, ಎರಡು ಸಲ ಹೋಗಿ ಬಂದಿದ್ದೇನೆ.

ಮಕ್ಕಳಿಗೆ ಒಂದು ವಿಷಯ ಗೊತ್ತಿರುವುದಿಲ್ಲ. ಊರುಗಳ ಹೆಸರು ಎಣಿಸುವುದಕ್ಕೆ ನಾವು ಬರುವುದಿಲ್ಲ, ನೀವು ಹೇಗಿದ್ದೀರಿ, ಏನು ತಿನ್ನುತ್ತೀರಿ ಅಂತ ನೋಡುವುದಕ್ಕೆ ಬರುತ್ತೇವೆ. ನಿನ್ನ ಪಟ್ಟಿಯಲ್ಲಿ ಏಳು ಊರಿದೆ, ಡ್ರೆಸ್ಡನ್ನೇ ಇಲ್ಲ! ನಿನ್ನ ರೂಮು, ಕಾಲೇಜು, ನೀನು ತರಕಾರಿ ತರುವ ಅಂಗಡಿ ನೋಡದೆ ಅಮ್ಮ ವಾಪಸ್ ಹೋಗಬೇಕಾ? ಪ್ರಾಗ್‌ಗೆ ಡ್ರೆಸ್ಡನ್‌ನಿಂದ ರೈಲಿನಲ್ಲಿ ಎರಡೂವರೆ ಗಂಟೆ, ಹೊಳೆ ಪಕ್ಕದಲ್ಲೇ ದಾರಿ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಅಲ್ಲಿ ಯೂರೋ ಅಲ್ಲ, ಕೊರುನಾ. ಎಟಿಎಂ 'ರೂಪಾಯಿ ಲೆಕ್ಕದಲ್ಲಿ ಕೊಡಲಾ' ಅಂತ ಕೇಳಿದರೆ ಬೇಡ ಅನ್ನಿ, ಅದರಲ್ಲಿ ಕೈ ಸುಡುತ್ತದೆ.

ಒಂದು ಜಾಗ ಮಾತ್ರ ಬಿಡಬೇಡಿ, ಕೋನಿಗ್‌ಸೇ. ಬವೇರಿಯಾದ ಮೂಲೆಯಲ್ಲಿ, ಬೆರ್ಖ್ಟೆಸ್‌ಗಾಡನ್ ಹತ್ತಿರದ ಕೆರೆ, ಸುತ್ತ ಬಂಡೆ ಗೋಡೆಯ ಹಾಗೆ ನಿಂತಿದೆ. ದೋಣಿ ಎಲ್ಲ ಕರೆಂಟಿನದು, 1909ರಿಂದಲೂ ಹಾಗೇ ಅಂತೆ, ಸದ್ದೇ ಇಲ್ಲ. ಕೆರೆ ನಡುವೆ ದೋಣಿ ನಿಲ್ಲಿಸಿ ದೋಣಿಯವನು ತುತ್ತೂರಿ ತೆಗೆದು ಬಂಡೆ ಕಡೆ ಮುಖ ಮಾಡಿ ಊದುತ್ತಾನೆ. ಒಂದು ಸಾಲು ಊದಿ ನಿಲ್ಲಿಸಿದರೆ ಬಂಡೆ ಅದೇ ಸಾಲನ್ನು ತಿರುಗಿ ಊದುತ್ತದೆ. ಸ್ಟೇಷನ್ ಶೌಚಾಲಯಕ್ಕೆ ಒಂದು ಯೂರೋ ಕೇಳಿದ್ದಕ್ಕೆ ಗೇಟಿನ ಜೊತೆ ಜಗಳ ಆಡಿದ್ದ ನಮ್ಮ ಯಜಮಾನರು, ಆ ತುತ್ತೂರಿಯವನಿಗೆ ಐದು ಯೂರೋ ನೋಟು ಕೊಟ್ಟರು!

ಊಟಕ್ಕೆ ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿ. ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಹಾಲು ತಂದಿಡು. ಅವಲಕ್ಕಿ, ಚಟ್ನಿಪುಡಿ, ಕಾಫಿಪುಡಿ, ಫಿಲ್ಟರ್ ತರಲಿ. ತುಪ್ಪ, ಪೇಡ ಬೇಡ, ಹಾಲಿನ ಪದಾರ್ಥ ತರುವ ಹಾಗಿಲ್ಲ. ಹಸಿ ಕರಿಬೇವು ಸಹ ಬೇಡ. ತೆಂಗಿನಕಾಯಿಗೆ ಮಾತ್ರ ಅಡ್ಡಿಯಿಲ್ಲ. ಪ್ಯಾರಿಸ್‌ನಲ್ಲಿ ಈರುಳ್ಳಿ ಸೂಪ್ ಅಂತ ನೋಡಿ ಅಪ್ಪನಿಗೆ ಕೊಡಿಸಬೇಡ, ಅದನ್ನು ಮಾಡುವುದೇ ದನದ ಮೂಳೆ ಬೇಯಿಸಿದ ನೀರಿನಲ್ಲಿ.

ಜೋಗ_253

ಇಂಟರ್‌ಲಾಕೆನ್ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ದೋಸ್ತಿಗಳನ್ನು ಅಲ್ಲಿಗೇ ಕರೆಸು. ಯುಂಗ್‌ಫ್ರೌಯೋಖ್ 3,454 ಮೀಟರ್ ಎತ್ತರದ ಸ್ಟೇಷನ್, ಟಿಕೆಟ್ ಒಬ್ಬರಿಗೆ 200 ಫ್ರಾಂಕ್ ದಾಟುತ್ತದೆ, ಆರು ಜನಕ್ಕೆ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಮೋಡ ಇದ್ದರೆ ಅಷ್ಟೂ ದುಡ್ಡಿಗೆ ಬಿಳಿ ಗೋಡೆ. ಬೆಳಿಗ್ಗೆ ವೆಬ್‌ಕ್ಯಾಮ್ ನೋಡಿ ಆಮೇಲೆ ಕೊಂಡರಾಯಿತು. ನಾನಾದರೆ ಲೌಟರ್‌ಬ್ರುನೆನ್‌ಗೆ ಹೋಗುತ್ತೇನೆ, ಸ್ಟಾಬ್‌ಬಾಖ್ ಜಲಪಾತ ಊರೊಳಗಿಂದಲೇ ಕಾಣುತ್ತದೆ, 297 ಮೀಟರ್. ನಮ್ಮ ಜೋಗಕ್ಕಿಂತ 44 ಮೀಟರ್ ಜಾಸ್ತಿ, ಆದರೆ ನೀರು ಗಾಳಿಗೆ ತೂರಿ ಹೋಗುತ್ತದೆ, ಮಳೆಗಾಲದ ರಾಜನ ಮುಂದೆ ಸುಮ್ನೆ.

ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ತಂಗಿಗೆ ಫ್ರೀ, 18ರ ಒಳಗಿನವರಿಗೆಲ್ಲ. ನಿನಗೂ ಫ್ರೀ, 26ರ ಒಳಗಿದ್ದು ಇಲ್ಲಿನ ನಿವಾಸಿ ಆಗಿರುವುದರಿಂದ. ಕಾರ್ಡ್ ಮರೆಯಬೇಡ. ಅಪ್ಪ-ಅಮ್ಮನಿಗೆ ಮಾತ್ರ ತಲಾ 32 ಯೂರೋ. ಮಂಗಳವಾರ ರಜೆ.

ದಾವಣಗೆರೆ_ಬೆಣ್ಣೆ

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, 'ಡ್ರೆಸ್ಡನ್ನೇ ಇಲ್ಲ' ಅಂದಿರಲ್ಲ, ಅದನ್ನು ಓದಿ ನಿಜವಾಗಿಯೂ ನಾಚಿಕೆ ಆಯಿತು. ಅಮ್ಮನಿಗೆ ಫೋನ್ ಮಾಡಿ ಕೇಳಿದೆ, ನಿನಗೆ ಏನು ನೋಡಬೇಕು ಅಂತ. 'ನೀನು ಬಟ್ಟೆ ಎಲ್ಲಿ ಒಣಗಿಸ್ತೀ' ಅಂದರು.

ಹೊಸ ಪ್ಲಾನ್: ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಡ್ರೆಸ್ಡನ್ ಐದು ರಾತ್ರಿ, ಅದರಲ್ಲಿ ಒಂದು ದಿನ ಪ್ರಾಗ್. ಬೆರ್ಖ್ಟೆಸ್‌ಗಾಡನ್ ಮೂರು. ಇಂಟರ್‌ಲಾಕೆನ್ ಮೂರು, ದೋಸ್ತಿಗಳು ಅಲ್ಲಿ ಸೇರುತ್ತಾರೆ. ಪ್ಯಾರಿಸ್ ನಾಲ್ಕು, ಅಲ್ಲಿಂದಲೇ ಮನೆಯವರು ವಿಮಾನ ಹತ್ತುತ್ತಾರೆ. ಜರ್ಮನಿಯಲ್ಲೇ ಜಾಸ್ತಿ ದಿನ ಆಗಿದ್ದರಿಂದ ವೀಸಾ ಅಲ್ಲಿಯದೇ. ರೋಮ್, ವೆನಿಸ್, ಹಾಸ್ಟೆಲ್, ರಾತ್ರಿ ಬಸ್ಸು ಎಲ್ಲ ಆಮೇಲೆ ನಾವು ಮೂವರೇ, ಹಲವು ದೇಶಗಳ ರೈಲಿಗೆ ಒಂದೇ ಪಾಸ್ ಆಗಿರುವ ಇಂಟರ್‌ರೈಲ್ ತೆಗೆದುಕೊಂಡು. ತಂಗಿ ಮಾತ್ರ ಇದನ್ನು ಕೇಳಿ ಮೂರು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ.

ಲಂಡನ್ ಈ ಸಲ ಆಗಲ್ಲ ಅಂತ ಅಪ್ಪನಿಗೆ ಹೇಳಿದೆ. 'ಇರ್ಲಿ ಬಿಡು, ನಿನ್ನ ಕಾನ್ವೊಕೇಶನ್‌ಗೆ ಬಂದಾಗ ನೋಡಿದ್ರಾತು' ಅಂದರು. ಥೀಸಿಸ್ ಇನ್ನೂ ಅರ್ಧ ಕೂಡ ಆಗಿಲ್ಲ ಅಂತ ಅವರಿಗೆ ಹೇಳಿಲ್ಲ.

ಶಿರಸಿ_ಅಕ್ಕ

ತಂಗಿಯನ್ನು ಇಂಟರ್‌ಲಾಕೆನ್‌ನಲ್ಲಿ ಒಂದು ದಿನ ನಿಮ್ಮ ಗುಂಪಿಗೆ ಬಿಡು, ಅಪ್ಪ-ಅಮ್ಮ ಆ ದಿನ ರೂಮಿನಲ್ಲಿ ಮಲಗಿರುತ್ತಾರೆ. ಬಟ್ಟೆ ಎಲ್ಲಿ ಒಣಗಿಸುತ್ತೀಯಾ ಅಂತ ನನಗೂ ಹೇಳು.