ಲೆದರ್ ಬಾಲ್ ಶುರು: ಹಳೇ ಕಿಟ್‌ನಲ್ಲಿ ಯಾವುದು ನಡೆಯುತ್ತೆ?

ಕ್ರಿಕೆಟ್_ಅಮ್ಮ:
ಮಗಳಿಗೆ 11 ವರ್ಷ. ಇಷ್ಟು ದಿನ ಟೆನಿಸ್ ಬಾಲ್‌ನಲ್ಲಿ ಆಡುತ್ತಿದ್ದಳು, ಈಗ ಲೆದರ್ ಬಾಲ್ ನೆಟ್ಸ್ ಶುರುವಾಗಿದೆ. ಅಣ್ಣನ ಮಗ ಆಡಿ ಬಿಟ್ಟ ಕಿಟ್ ಹಾಗೇ ಇದೆ. ಹೆಲ್ಮೆಟ್ ಸ್ವಲ್ಪ ದೊಡ್ಡದು, ಆದರೆ ಒಳಗೆ ಟೋಪಿ ಹಾಕಿಕೊಂಡರೆ ಅಲ್ಲಾಡುವುದಿಲ್ಲ. ಅವಳದ್ದು ಹೊಸ ಬ್ಯಾಟೇ ಬೇಕು ಅಂತ ಹಟ. ಎಲ್ಲವನ್ನೂ ಒಟ್ಟಿಗೆ ಕೊಳ್ಳುವುದು ಕಷ್ಟ, ಮೊದಲು ಯಾವುದು ತೆಗೆದುಕೊಳ್ಳಲಿ?

ಥ್ರೋಡೌನ್:
ಅಕ್ಕಾ, ಹೆಲ್ಮೆಟ್. ಬೇರೆ ಯೋಚನೆಯೇ ಬೇಡ. ಹಳೇ ಹೆಲ್ಮೆಟ್‌ಗೆ ಎಷ್ಟು ಪೆಟ್ಟು ಬಿದ್ದಿದೆಯೋ ಯಾರಿಗೆ ಗೊತ್ತು? ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಫೋಮ್ ಅಪ್ಪಚ್ಚಿಯಾಗಿರಬಹುದು. ಜೋರು ಏಟು ತಿಂದ ಹೆಲ್ಮೆಟ್ ಬದಲಿಸಲೇಬೇಕು.

ಟೋಪಿ ಉಪಾಯ ದಯವಿಟ್ಟು ಬಿಡಿ. ಸಡಿಲ ಇರುವ ಹೆಲ್ಮೆಟ್ ಓಡುವಾಗ, ಬಗ್ಗುವಾಗ ಜಾರುತ್ತೆ, ಮುಖದ ಮುಂದಿನ ಕಂಬಿ, ಅಂದರೆ ಗ್ರಿಲ್, ಸರಿಯಾದ ಜಾಗದಲ್ಲಿ ನಿಲ್ಲುವುದಿಲ್ಲ. ಮುಂದಿನ ಅಂಚಿಗೂ ಗ್ರಿಲ್‌ಗೂ ನಡುವೆ ಬಾಲ್ ನುಗ್ಗಿದರೆ ಹೆಲ್ಮೆಟ್ ಹಾಕಿಯೂ ಸುಖವಿಲ್ಲ, ಅಲ್ವಾ? ಒಳಗೆ ಬಿಎಸ್ 7928:2013 (ಕ್ರಿಕೆಟ್ ಹೆಲ್ಮೆಟ್‌ಗಳ ಬ್ರಿಟಿಷ್ ಮಾನದಂಡ) ಅಂತ ಲೇಬಲ್ ಇದೆಯಾ ನೋಡಿ. ಆ ಪರೀಕ್ಷೆಯಲ್ಲಿ ಬಾಲ್ ಈ ಸಂದಿಯಿಂದ ಒಳಗೆ ಬಂದು ಮುಖಕ್ಕೆ ತಾಗುತ್ತದಾ ಅಂತಲೂ ನೋಡುತ್ತಾರೆ. ಮಕ್ಕಳ ಬಾಲ್ ಅಂತ ಸುಮ್ನೆ ಬಿಡಬೇಡಿ. 13ರ ಒಳಗಿನವರದ್ದು 133ರಿಂದ 144 ಗ್ರಾಂ ಇರುತ್ತೆ, ದೊಡ್ಡ ಗಂಡಸರದ್ದು 156ರಿಂದ 163. ತೂಕ ಕಡಿಮೆ ಅಷ್ಟೇ, ಅದೂ ಗಟ್ಟಿ ಬಾಲೇ.

ಹಳೇ_ಕೀಪರ್:
ಹೆಲ್ಮೆಟ್ ಮಾತು ನೂರಕ್ಕೆ ನೂರು ಸರಿ. ಜೊತೆಗೆ ಕಿಬ್ಬೊಟ್ಟೆಯ ಕೆಳಗೆ ಹಾಕುವ ಗಾರ್ಡ್ ಕೂಡ ಹೊಸದೇ ಇರಲಿ. ಹುಡುಗಿಯರಿಗೆ ಅಂತಲೇ ಬೇರೆ ಆಕಾರದ್ದು ಸಿಗುತ್ತೆ, ಹುಡುಗರದ್ದು ಕೊಡಬೇಡಿ.

ಪ್ಯಾಡ್ ಹಳೆಯದು ನಡೆಯುತ್ತೆ, ಆದರೆ ಅಳತೆ ನೋಡಿ. ಮಂಡಿ ಸರಿಯಾಗಿ ಪ್ಯಾಡಿನ ಮಂಡಿ ಭಾಗದ ನಡುವೆ ಕೂರಬೇಕು. ಪ್ಯಾಡ್ ಉದ್ದವಾದರೆ ಓಡುವಾಗ ಎಡವುತ್ತಾಳೆ. ಗ್ಲೌಸ್‌ನಲ್ಲಿ ಬ್ಯಾಟಿನ ಕೆಳಗೆ ಹಿಡಿಯುವ ಕೈ ನೋಡಿ, ಏಟು ಜಾಸ್ತಿ ಬೀಳುವುದು ಅದಕ್ಕೇ. ಹೆಬ್ಬೆರಳು, ಮೊದಲ ಎರಡು ಬೆರಳಿನ ಪ್ಯಾಡಿಂಗ್ ಒತ್ತಿದಾಗ ಮೆತ್ತಗೆ ಒಳಗೆ ಹೋದರೆ ಆ ಜೊತೆ ಬೇಡ.

ಕೀಪಿಂಗ್ ಮಾಡುತ್ತಾಳಾ? ಸ್ಟಂಪ್ ಹತ್ತಿರ ನಿಂತರೆ ಅಲ್ಲೂ ಹೆಲ್ಮೆಟ್ ಇರಲಿ. ದಕ್ಷಿಣ ಆಫ್ರಿಕಾದ ಕೀಪರ್ ಮಾರ್ಕ್ ಬೌಚರ್‌ಗೆ 2012ರಲ್ಲಿ ಸ್ಪಿನ್ನರ್ ಬೌಲಿಂಗ್‌ಗೇ ಸ್ಟಂಪ್ ಮೇಲಿಂದ ಹಾರಿದ ಬೇಲ್ ಕಣ್ಣಿಗೆ ಬಡಿದು, ಅಲ್ಲಿಗೇ ಆಟ ಬಿಡಬೇಕಾಯಿತು.

ಕ್ರಿಕೆಟ್_ಅಮ್ಮ:
ಅಯ್ಯೋ, ಟೋಪಿ ಇವತ್ತೇ ತೆಗೆಸುತ್ತೇನೆ. ಕುತ್ತಿಗೆಗೆ ಸಿಕ್ಕಿಸುವ ಗಾರ್ಡ್ ಬೇಕಾ? ಸ್ನೇಹಿತೆಯದ್ದು ಹಾಕಿ ನೋಡಿದಳು, ತಲೆ ತಿರುಗಿಸಲು ಕಿರಿಕಿರಿ ಅಂತಾಳೆ. ಮತ್ತೆ ಬ್ಯಾಟ್?

ಓಪನರ್:
ಬೇಕು ಮೇಡಂ. 2014ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಬ್ಯಾಟರ್ ಫಿಲಿಪ್ ಹ್ಯೂಸ್ ಬಾಲ್ ಬಡಿದು ತೀರಿಕೊಂಡರಲ್ಲ, ಆಗ ತಲೆಯಲ್ಲಿ ಹೆಲ್ಮೆಟ್ ಇತ್ತು. ಬೌನ್ಸರ್ ಬಡಿದದ್ದು ಅದರ ಕೆಳಗೆ, ಕುತ್ತಿಗೆಗೆ. ಅಲ್ಲಿಂದಲೇ ಈ ಗಾರ್ಡ್‌ಗಳು ಹೆಚ್ಚಾದದ್ದು. ಆಸ್ಟ್ರೇಲಿಯಾದಲ್ಲಿ 2023ರ ಅಕ್ಟೋಬರ್‌ನಿಂದ ವೇಗದ ಬೌಲಿಂಗ್ ಎದುರಿಸುವಾಗ ಆಟಗಾರರಿಗೆ ಕಡ್ಡಾಯ ಮಾಡಿದ್ದಾರೆ. ಮೊದಮೊದಲು ಎಲ್ಲರಿಗೂ ಕಿರಿಕಿರಿಯೇ. ಟೆನಿಸ್ ಬಾಲ್ ಪ್ರಾಕ್ಟೀಸ್‌ನಲ್ಲೂ ಹಾಕಿಸಿ, ಒಗ್ಗಿಹೋಗುತ್ತೆ. ನಿಮ್ಮ ಹೆಲ್ಮೆಟ್ ಮಾಡೆಲ್‌ಗೆ ಕೂರುವುದನ್ನೇ ತೆಗೆದುಕೊಳ್ಳಿ.

ಬ್ಯಾಟ್ ಹಳೆಯದೇ ಇರಲಿ, ಆದರೆ ಅದು ಟೆನಿಸ್ ಬಾಲ್ ಬ್ಯಾಟ್ ಆಗಿರಬಾರದು, ಲೆದರ್ ಬಾಲ್‌ಗೆ ಸೀಳಿಬಿಡುತ್ತೆ. ಭಾರದ ಬಗ್ಗೆಯೂ ಹುಷಾರು. ಬ್ಯಾಟ್ ಬರುವುದು ತಡವಾದಷ್ಟೂ ಬಾಲ್ ಮೈಗೇ ಬರುತ್ತೆ. ಹಿಡಿಯ ಮೇಲೆ ಹಿಡಿಯುವ ಒಂದೇ ಕೈಯಲ್ಲಿ ಬ್ಯಾಟನ್ನು ಮುಂದಕ್ಕೆ ಚಾಚಲು ಹೇಳಿ. ಕೂಡಲೇ ಕೈ ಕೆಳಗೆ ಬಿದ್ದರೆ ಆ ಬ್ಯಾಟ್ ಅವಳಿಗೆ ಇನ್ನೂ ಭಾರ. ಆಗ ಮಾತ್ರ ಅವಳ ಹಟ ಗೆಲ್ಲಲಿ.